ಅಪ್ಪನ ನಂಬರ್ 8, ತಮ್ಮ ತಂದ ಶೂನೂ 8. ಮತ್ಯಾಕೆ ಕಾಲು ಹಿಡಿಸುತ್ತಿಲ್ಲ?

ಕುಕ್ಕರಹಳ್ಳಿ ವಾಕರ್:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಪೆದ್ದು ಅನ್ನಿಸಬಹುದು, ಆದರೂ ಕೇಳುತ್ತೇನೆ.

ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಹೋದ ತಿಂಗಳು ರಜಕ್ಕೆ ಬರುವ ಮುಂಚೆ ಫೋನ್ ಮಾಡಿ "ಅಪ್ಪನದು ಎಷ್ಟು ನಂಬರ್?" ಅಂತ ಕೇಳಿದ. ಬಾಗಿಲ ಹತ್ತಿರ ಬಿಟ್ಟಿದ್ದ ಅಪ್ಪನ ಚಪ್ಪಲಿ ತಿರುಗಿಸಿ ನೋಡಿದೆ. ಅಟ್ಟೆಯ ಮೇಲೆ 8 ಅಂತ ಇತ್ತು, 8 ಅಂದೆ. ಅವನೂ ಪಾಪ 8 ನೋಡಿಯೇ ವಾಕಿಂಗ್ ಶೂ ತಂದ. ಹಾಕಿದರೆ ಹೆಬ್ಬೆರಳು ಮುಂದಕ್ಕೆ ಒತ್ತುತ್ತದೆ, ಪಕ್ಕದಲ್ಲಿ ಕಿರುಬೆರಳು ಹಿಂಡಿ ಹಿಪ್ಪೆಯಾಗುತ್ತದೆ. "ಮಗ ಅಷ್ಟು ದೂರದಿಂದ ತಂದಿದ್ದಾನೆ, ಹಾಕ್ತಾ ಹಾಕ್ತಾ ಸರಿಹೋಗುತ್ತೆ ಬಿಡು" ಅಂತ ಅಪ್ಪ ಹದಿನೈದು ದಿನ ಅದನ್ನೇ ಹಾಕಿಕೊಂಡು ಕೆರೆ ಸುತ್ತಿದರು. ಈಗ ಹೆಬ್ಬೆರಳಿನ ಉಗುರು ನೀಲಿಯಾಗಿದೆ. ಬೈಯೋಣ ಅಂದರೆ ನಂಬರ್ ಹೇಳಿದವಳು ನಾನೇ.

ಪೆಟ್ಟಿಗೆ ಮೇಲೆ ಹೀಗಿದೆ: ಯುಎಸ್ 8, ಯುಕೆ 7, ಇಯುಆರ್ 41, ಸಿಎಂ 26. ಒಂದೇ ಶೂಗೆ ನಾಲ್ಕು ನಂಬರ್!

ತಮ್ಮನ ಗೆಳೆಯರೊಬ್ಬರು ಮುಂದಿನ ತಿಂಗಳು ಅಲ್ಲಿಂದ ಬರುತ್ತಿದ್ದಾರೆ, ಇನ್ನೊಂದು ಜೊತೆ ಕಳಿಸುತ್ತೇನೆ ಅಂದಿದ್ದಾನೆ. ಈ ಸಲ ಏನು ಹೇಳಲಿ? ಅಪ್ಪನ ಪಾದ ಅಗಲ. ಚಿಕ್ಕ ವಯಸ್ಸಿನಲ್ಲಿ ಬರಿಗಾಲಲ್ಲಿ ಗದ್ದೆ ಕೆಲಸ ಮಾಡಿದವರು, ಬೆರಳುಗಳು ಬೀಸಣಿಗೆ ಥರ ಬಿಚ್ಚಿಕೊಂಡಿವೆ. ತಮ್ಮನ ಹೆಂಡತಿ ನನಗೂ ಒಂದು ಜೊತೆ ಕಳಿಸುತ್ತಾಳಂತೆ. ನಾನು ಇಲ್ಲಿ 5 ಹಾಕುತ್ತೇನೆ. ಅದಕ್ಕೂ ಒಂದು ಕೂಡಿಸಿ 6 ಅನ್ನಬೇಕಾ? ಇನ್ನೊಂದು ವಿಷಯ, ಮೂರನೇ ಕ್ಲಾಸಿನ ಮಗಳಿಗೆ ಹೋದ ವರ್ಷ ಸ್ಕೂಲ್ ಶೂ 13 ತಗೊಂಡಿದ್ದೆವು. ಈ ವರ್ಷ ಅಂಗಡಿಯವರು ಕಾಲು ನೋಡಿ "1 ಕೊಡ್ತೀನಿ ಮೇಡಂ" ಅಂದರು. ತಮಾಷೆ ಅಂದುಕೊಂಡೆ. ಕೊಟ್ಟಿದ್ದು 1, ಸರಿಯಾಗಿ ಹಿಡಿಸಿತು! ಕಾಲು ಬೆಳೆದರೆ ನಂಬರ್ ಇಳಿಯೋದು ಯಾವ ಲೆಕ್ಕ?

ದುರ್ಗದಬೈಲ್ ಹಳೇ ಹುಡುಗ:

ಮೇಡಂ, ನಾನು ಹುಬ್ಬಳ್ಳಿಯಲ್ಲಿ ಎಂಟು ವರ್ಷ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡಿದವನು, ಈಗ ಬೇರೆ ವ್ಯಾಪಾರ. ನಿಮ್ಮ ಪ್ರಶ್ನೆ ಪೆದ್ದು ಅಲ್ಲ. ದಿನಕ್ಕೆ ನಾಲ್ಕು ಜನ ಕೇಳುತ್ತಿದ್ದರು.

ನಮ್ಮ ದೇಶದಲ್ಲಿ ಓಡುವುದು ಬ್ರಿಟಿಷರ ನಂಬರ್. ಚಪ್ಪಲಿ ಮೇಲೆ ಸುಮ್ನೆ 8 ಅಂತ ಇದ್ದರೆ ಅದು ಯುಕೆ 8. ಅಮೆರಿಕದಲ್ಲಿ ಗಂಡಸರಿಗೆ ಅದಕ್ಕಿಂತ ಒಂದು ಜಾಸ್ತಿ, ಅಂದರೆ 9. ನಿಮ್ಮ ತಮ್ಮ ತಂದದ್ದು ನಮ್ಮ ಲೆಕ್ಕದ 7, ಪೆಟ್ಟಿಗೆ ಮೇಲೆ ಅದೂ ಬರೆದೇ ಇದೆಯಲ್ಲ. ಉಗುರು ನೀಲಿಯಾಗದೆ ಇನ್ನೇನಾಗುತ್ತದೆ.

ಮಗಳ ವಿಷಯ. ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇಂಚಿನ ಮೂರನೇ ಒಂದು ಭಾಗ ವ್ಯತ್ಯಾಸ, ಸುಮಾರು ಎಂಟೂವರೆ ಮಿಲಿಮೀಟರ್. ಇದಕ್ಕೆ ಬಾರ್ಲಿ ಕಾಳು ಅಂತಲೇ ಹೆಸರು. ಮೂರು ಬಾರ್ಲಿ ಕಾಳು ಉದ್ದುದ್ದ ಇಟ್ಟರೆ ಒಂದು ಇಂಚು ಅನ್ನುವುದು ಇಂಗ್ಲೆಂಡಿನ ಹಳೇ ಲೆಕ್ಕ. (ನಗಬೇಡಿ, ನಮ್ಮ ಹಿರಿಯರೂ ಎಂಟು ಯವ, ಅಂದರೆ ಎಂಟು ಜವೆ ಕಾಳಿಗೆ ಒಂದು ಅಂಗುಲ ಅಂದವರೇ. ಅದೇ ಕಾಳು!) ಮಕ್ಕಳ ನಂಬರ್ ನಾಲ್ಕು ಇಂಚಿನಿಂದ ಶುರು, ಅದು ಸೊನ್ನೆ. ಅಲ್ಲಿಂದ ಒಂದೊಂದೇ ಕಾಳು ಏರುತ್ತಾ 13ಕ್ಕೆ ಬಂದರೆ ಎಂಟು ಇಂಚಿನ ಮೇಲೆ ಒಂದು ಕಾಳು. ಅಲ್ಲಿಗೆ ಮಕ್ಕಳ ಎಣಿಕೆ ಮುಗಿಯಿತು. ಅದೇ ಜಾಗವನ್ನು ಮತ್ತೆ ಸೊನ್ನೆ ಅಂತ ಹಿಡಿದು ದೊಡ್ಡವರ ಎಣಿಕೆ ಶುರುವಾಗುತ್ತದೆ. ಅದಕ್ಕೇ 13 ಆದ ಮೇಲೆ 14 ಇಲ್ಲ, 1. ನಿಮ್ಮ ಮಗಳು ಈಗ ದೊಡ್ಡವರ ಸಾಲಿಗೆ ಬಂದಳು ಅಷ್ಟೇ.

ಇನ್ನೊಂದು ಮಾತು. ಚಪ್ಪಲಿ ನಂಬರ್ ನೋಡಿ ಶೂ ತರಿಸಬೇಡಿ. ಚಪ್ಪಲಿಗೆ ಮುಂದೂ ಬಾಯಿ, ಹಿಂದೂ ಬಾಯಿ. ಬೆರಳು ಸ್ವಲ್ಪ ಆಚೆ ಬಂದರೂ ನಡೆಯುತ್ತದೆ, ಹಿಮ್ಮಡಿ ಸ್ವಲ್ಪ ಒಳಗಿದ್ದರೂ ನಡೆಯುತ್ತದೆ. 7ರ ಕಾಲಿನವರು 8 ಹಾಕಿಕೊಂಡು ವರ್ಷಗಟ್ಟಲೆ ಓಡಾಡಿರುತ್ತಾರೆ, ಗೊತ್ತೇ ಆಗಿರುವುದಿಲ್ಲ. ಅಥಣಿ ಕಡೆಯ ಚರ್ಮದ ಚಪ್ಪಲಿಯಾದರೆ ಕೇಳಲೇಬೇಡಿ, ಮೊದಲ ವಾರ ಕಚ್ಚುತ್ತದೆ, ಎಣ್ಣೆ ಹಚ್ಚಿ ಹಾಕುತ್ತಾ ಹೋದರೆ ಕಾಲಿನ ಆಕಾರಕ್ಕೆ ಬಂದುಬಿಡುತ್ತದೆ. ನಿಮ್ಮಪ್ಪ "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅಂದಿದ್ದು ಆ ಅನುಭವದಿಂದಲೇ ಇರಬೇಕು. ವಾಕಿಂಗ್ ಶೂ ಚರ್ಮ ಅಲ್ಲ. ಉದ್ದದಲ್ಲಿ ಅದು ಒಂದು ಕೂದಲೆಳೆಯಷ್ಟೂ ಬಿಡುವುದಿಲ್ಲ.

ಕಾಲು ಅಳೆದುಬಿಡಿ. ಸಂಜೆ ಅಳೆಯಿರಿ, ದಿನವೆಲ್ಲ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ, ಕೆಳಗೆ ಕಾಗದ ಹಾಸಿ, ನೇರ ನಿಲ್ಲಿಸಿ. ಕೂತು ಅಳೆದರೆ ಲೆಕ್ಕ ಕಡಿಮೆ ಬರುತ್ತದೆ, ಮೈಭಾರ ಬಿದ್ದಾಗಲೇ ಪಾದ ಪೂರ್ತಿ ಚಾಚುವುದು. ಎಲ್ಲಕ್ಕಿಂತ ಮುಂದಿರುವ ಬೆರಳಿನ ತುದಿಗೆ ಗೆರೆ ಹಾಕಿ. ಕೆಲವರಿಗೆ ಅದು ಹೆಬ್ಬೆರಳಲ್ಲ, ಪಕ್ಕದ್ದು. ಎರಡೂ ಕಾಲು ಅಳೆಯಿರಿ, ದೊಡ್ಡದನ್ನು ಹಿಡಿಯಿರಿ. ಎರಡೂ ಕಾಲು ಕೂದಲೆಳೆ ವ್ಯತ್ಯಾಸವಿಲ್ಲದೆ ಸಮ ಇರುವವರನ್ನು ನಾನು ಎಂಟು ವರ್ಷದಲ್ಲಿ ತೀರಾ ಕಡಿಮೆ ನೋಡಿದ್ದೇನೆ.

ನಮ್ಮ ಅಂಗಡಿಗೆ ಹಳ್ಳಿಯಿಂದ ಬರುವವರು ಹೆಂಡತಿಯ ಕಾಲಿಗೆ ದಾರ ಹಿಡಿದು, ಇಲ್ಲವೇ ಕಡ್ಡಿ ಮುರಿದು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ನಂಬರ್ ಹೇಳುವವರಿಗಿಂತ ಅವರಿಗೆ ಕೊಟ್ಟ ಚಪ್ಪಲಿ ವಾಪಸ್ ಬಂದದ್ದು ಕಡಿಮೆ.

ಸ್ಟುಟ್‌ಗಾರ್ಟ್ ಸಾರು:

ಮೇಲಿನ ಉತ್ತರ ಚೆನ್ನಾಗಿದೆ. ಆದರೆ "ಯುಎಸ್ ಅಂದರೆ ಯುಕೆಗೆ ಒಂದು ಕೂಡಿಸಿ" ಅನ್ನುವುದು ಯಾವಾಗಲೂ ನಡೆಯುವುದಿಲ್ಲ ಹಳೇ ಹುಡುಗರೇ, ನಾನು ಅದರಲ್ಲೇ ಒಮ್ಮೆ ಬಿದ್ದಿದ್ದೇನೆ. ನೈಕಿಯಲ್ಲಿ ಯುಕೆ 8 ಅಂದರೆ ಯುಎಸ್ 9, ಇಯು 42.5, 27 ಸೆಂ.ಮೀ. ಅಡಿಡಾಸ್‌ನಲ್ಲಿ ಅದೇ ಯುಕೆ 8ಕ್ಕೆ ಯುಎಸ್ 8.5, ಇಯು 42, 26.5 ಸೆಂ.ಮೀ. ಪೂಮಾದಲ್ಲಿ ಯುಕೆ 8, ಯುಎಸ್ 9, ಇಯು ಮಾತ್ರ 42. ಮೂರೂ ಕಡೆ 8 ಅನ್ನುವ ಅಂಕಿ ಒಂದೇ, ಶೂ ಬೇರೆ ಬೇರೆ. ಆದ್ದರಿಂದ ಒಂದು ಕಂಪನಿಯ ಪಟ್ಟಿ ಇಟ್ಟುಕೊಂಡು ಇನ್ನೊಂದು ಕಂಪನಿಯ ಶೂ ತರಿಸಬೇಡಿ.

ಇದು ಯಾಕೆ ಹೀಗೆ ಅಂತ ನನಗೂ ತಲೆ ಕೆಟ್ಟು ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ಬೇಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.

ಮೊದಲನೆಯದಾಗಿ, ಯುಕೆ ಆಗಲಿ ಯುಎಸ್ ಆಗಲಿ ಇಯು ಆಗಲಿ, ಆ ನಂಬರ್ ನಿಮ್ಮ ಕಾಲಿನ ಉದ್ದ ಅಲ್ಲ. ಶೂ ಹೊಲಿಯುವಾಗ ಒಳಗೆ ಕಾಲಿನ ಆಕಾರದ ಒಂದು ಅಚ್ಚು ಇಡುತ್ತಾರೆ, ಲಾಸ್ಟ್ ಅನ್ನುತ್ತಾರೆ. ನಂಬರ್ ಇರುವುದು ಆ ಅಚ್ಚಿಗೆ. ಅಚ್ಚು ಕಾಲಿಗಿಂತ ಒಂದೂವರೆ ಎರಡು ಸೆಂ.ಮೀ. ಉದ್ದ ಇರುತ್ತದೆ, ಬೆರಳು ಆಡಬೇಕಲ್ಲ. ಎಷ್ಟು ಉದ್ದ ಬಿಡಬೇಕು ಅನ್ನುವುದು ಶೂ ಮಾಡುವವನ ಇಷ್ಟ. ಗೊಂದಲದ ಅರ್ಧ ಪಾಲು ಇಲ್ಲೇ ಇದೆ.

ಅಚ್ಚು 28 ಸೆಂ.ಮೀ. ಇದೆ ಅಂದುಕೊಳ್ಳಿ. ಯುರೋಪಿನ ಲೆಕ್ಕಕ್ಕೆ ಪ್ಯಾರಿಸ್ ಪಾಯಿಂಟ್ ಅಂತ ಹೆಸರು. ಒಂದು ಪಾಯಿಂಟ್ ಅಂದರೆ ಸೆಂಟಿಮೀಟರಿನ ಮೂರರಲ್ಲಿ ಎರಡು ಪಾಲು. 28ನ್ನು ಒಂದೂವರೆಯಿಂದ ಗುಣಿಸಿ, 42 ಬಂತು. ಯುಕೆಗೆ ಅದನ್ನೇ ಇಂಚು ಮಾಡಿ, ಹನ್ನೊಂದು ಇಂಚು ಚಿಲ್ಲರೆ. ಮೂರರಿಂದ ಗುಣಿಸಿದರೆ 33, ಅದರಲ್ಲಿ 25 ಕಳೆಯಿರಿ, 8. ಯುಎಸ್ ಗಂಡಸರ ಲೆಕ್ಕಕ್ಕೆ 25ರ ಬದಲು 24 ಕಳೆಯಿರಿ, 9. ಇಷ್ಟೇ ಗುಟ್ಟು. ಈ ಸೂತ್ರ ಪುಸ್ತಕದ್ದು, ಅಂಗಡಿಗೆ ಬರುವಷ್ಟರಲ್ಲಿ ಕಂಪನಿಗಳು ಅರ್ಧ ಆಚೆ ಅರ್ಧ ಈಚೆ ಎಳೆದಿರುತ್ತವೆ.

ಎರಡನೆಯದು ಇನ್ನೂ ಮಜಾ. ಯುಕೆ ಮೆಟ್ಟಿಲು ಎಂಟೂವರೆ ಮಿ.ಮೀ., ಇಯು ಮೆಟ್ಟಿಲು ಆರೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಎರಡು ಏಣಿ ಪಕ್ಕ ಪಕ್ಕ ನಿಲ್ಲಿಸಿದ ಹಾಗೆ, ಮೆಟ್ಟಿಲು ಎಲ್ಲೂ ಸರಿಯಾಗಿ ಎದುರುಬದುರು ಬರುವುದಿಲ್ಲ. ಹೆಚ್ಚುಕಮ್ಮಿ ನಾಲ್ಕು ಯುಕೆ ನಂಬರಿಗೆ ಐದು ಇಯು ನಂಬರ್ ಹಿಡಿಸುತ್ತದೆ. ಅದಕ್ಕೇ ಪಟ್ಟಿಗಳಲ್ಲಿ ಒಂದು ಕಡೆ 41, 42 ಅಂತ ಹೋಗಿ ಇನ್ನೊಂದು ಕಡೆ ದಿಢೀರನೆ 42.5, 44 ಅಂತ ಹಾರುತ್ತದೆ. ಅಡಿಡಾಸ್‌ನವರು ಮಾತ್ರ ಲೆಕ್ಕ ಬಿಡದೆ 41⅓, 42, 42⅔ ಅಂತ ಭಿನ್ನರಾಶಿಯಲ್ಲೇ ಬರೆಯುತ್ತಾರೆ. ಶೂ ಪೆಟ್ಟಿಗೆ ಮೇಲೆ ಮೂರನೇ ಎರಡು ಅಂತ ನೋಡಿದಾಗ ನನಗೆ ಪ್ರೈಮರಿ ಸ್ಕೂಲಿನ ಲೆಕ್ಕದ ಮೇಷ್ಟ್ರು ನೆನಪಾಗಿದ್ದರು.

ಇಲ್ಲಿ ಚಳಿಗಾಲದಲ್ಲಿ ಗೆಳೆಯರ ಜೊತೆ ಸ್ಕೀಯಿಂಗ್‌ಗೆ ಹೋದಾಗ ಬಾಡಿಗೆ ಬೂಟು ಕೊಡುವವನಿಗೆ ನಾನು ಜಂಬದಿಂದ "42" ಅಂದೆ. ಅವನು ತಲೆ ಎತ್ತದೆ ಒಂದು ಲೋಹದ ಪಟ್ಟಿ ಮೇಲೆ ಕಾಲಿಡು ಅಂದ, ನೋಡಿ 26.5 ಅಂತ ಬೂಟು ಕೊಟ್ಟ. ಸ್ಕೀ ಬೂಟಿನಲ್ಲಿ ನಂಬರ್ ಅಂದರೆ ಕಾಲಿನ ಉದ್ದವೇ. ಇದಕ್ಕೆ ಮಾಂಡೋಪಾಯಿಂಟ್ ಅಂತ ಹೆಸರು, ಐಎಸ್‌ಒ 9407 ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ. ನೇಟೊ ಸೈನ್ಯದ ಬೂಟುಗಳಿಗೂ ಇದೇ. ಅದರಲ್ಲಿ ಅಚ್ಚಿನ ಮಾತೇ ಇಲ್ಲ, ಎಷ್ಟು ಉದ್ದದ ಕಾಲಿಗೆ ಈ ಶೂ ಅಂತ ನೇರ ಬರೆಯುತ್ತಾರೆ, ಅಗಲವನ್ನೂ ಸೇರಿಸಬಹುದು. ಇಷ್ಟು ಸರಳವಾದದ್ದು ಇರುವಾಗ ಜಗತ್ತು ಇನ್ನೂ ಬಾರ್ಲಿ ಕಾಳು ಎಣಿಸುತ್ತಾ ಕೂತಿದೆ.

ನಿಮ್ಮ ಪೆಟ್ಟಿಗೆ ಮೇಲಿನ "ಸಿಎಂ 26" ಇದೆಯಲ್ಲ, ಅದನ್ನು ಯಾರೂ ಓದುವುದಿಲ್ಲ, ಆದರೆ ಓದಬೇಕಾದ್ದು ಅದೊಂದೇ. 26 ಸೆಂ.ಮೀ. ಕಾಲಿಗೆ ಮಾಡಿದ ಶೂ ಅಂತ ಅರ್ಥ. ಅಪ್ಪನ ಕಾಲು ಎಷ್ಟಿದೆ ಅಳೆದು ಹೇಳಿ.

ಸುಮ್ನೆ ಇರಿ:

ಇಷ್ಟೆಲ್ಲ ತಲೆಬಿಸಿ ಯಾಕೆ ಸ್ವಾಮಿ. ಹೊರದೇಶದ್ದು ಯಾವುದೇ ಇರಲಿ, ಎರಡು ಸೈಜ್ ದೊಡ್ಡದು ತಗೊಳ್ಳಿ. ಸಡಿಲ ಆದರೆ ದಪ್ಪ ಸಾಕ್ಸ್ ಹಾಕಿ. ನಾನು ಹತ್ತು ವರ್ಷದಿಂದ ಹೀಗೇ ಮಾಡ್ತಿರೋದು.

ಕಬ್ಬನ್ ಪಾರ್ಕ್ 5.30:

@ಸುಮ್ನೆ ಇರಿ, ಚಪ್ಪಲಿಗೆ ನಡೆಯುತ್ತದೆ ನಿಮ್ಮ ಸಲಹೆ. ವಯಸ್ಸಾದವರ ವಾಕಿಂಗ್ ಶೂಗೆ ದಯವಿಟ್ಟು ಬೇಡ. ಶೂ ಮುಂಭಾಗ ಉದ್ದ ಆದರೆ ಮೆಟ್ಟಿಲು ಹತ್ತುವಾಗ, ಫುಟ್‌ಪಾತ್ ಕಲ್ಲಿಗೆ ತುದಿ ತಾಗಿ ಮುಗ್ಗರಿಸುತ್ತಾರೆ. ನಮ್ಮ ಮಾವನವರು ಹೀಗೆ ಬಿದ್ದು ಮಣಿಕಟ್ಟು ಮುರಿದುಕೊಂಡರು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಾನು ಹನ್ನೆರಡು ವರ್ಷದಿಂದ ಓಡುತ್ತೇನೆ, ಕಾಲಿನ ಉಗುರು ಎಷ್ಟು ಸಲ ಕಪ್ಪಾಗಿದೆಯೋ ಲೆಕ್ಕವಿಲ್ಲ. ಕಲಿತದ್ದು ಏನು ಅಂದರೆ, ನಮ್ಮವರಲ್ಲಿ ಬಹಳ ಜನಕ್ಕೆ ತೊಂದರೆ ಇರುವುದು ಉದ್ದದಲ್ಲಲ್ಲ, ಅಗಲದಲ್ಲಿ. ಪಕ್ಕ ಹಿಂಡುತ್ತದೆ ಅಂತ ಒಂದು ನಂಬರ್ ದೊಡ್ಡದು ತಗೊಳ್ಳುತ್ತಾರೆ. ನಂಬರ್ ಏರಿದಾಗ ಅಗಲವೂ ಸ್ವಲ್ಪ ಏರುತ್ತದೆ ನಿಜ, ಆದರೆ ಅದರ ಜೊತೆ ಉದ್ದ ಬೇಡದಷ್ಟು ಏರಿ ಹಿಮ್ಮಡಿ ಮೇಲೆ ಕೆಳಗೆ ಜಾರಲು ಶುರು. ಶೂ ಮಡಚುವ ಜಾಗ ಒಂದು ಕಡೆ, ನಿಮ್ಮ ಕಾಲು ಮಡಚುವ ಜಾಗ ಇನ್ನೊಂದು ಕಡೆ. ಆಗ ಬರುತ್ತವೆ ನೋಡಿ ಗುಳ್ಳೆಗಳು.

ಪರಿಹಾರ ಇದೆ. ಅಮೆರಿಕದ ಅಳತೆಯಲ್ಲಿ ಅಗಲಕ್ಕೆ ಅಕ್ಷರ ಇದೆ. ಗಂಡಸರ ಶೂನಲ್ಲಿ ಡಿ ಅಂದರೆ ಸಾಮಾನ್ಯ, 2ಇ ಅಂದರೆ ಅಗಲ, 4ಇ ಅಂದರೆ ತುಂಬಾ ಅಗಲ. ಹೆಂಗಸರದ್ದರಲ್ಲಿ ಬಿ ಸಾಮಾನ್ಯ, ಡಿ ಅಗಲ. ಏನೂ ಬರೆದಿಲ್ಲ ಅಂದರೆ ಸಾಮಾನ್ಯದ್ದೇ ಅಂದುಕೊಳ್ಳಿ. ನ್ಯೂ ಬ್ಯಾಲೆನ್ಸ್, ಆಸಿಕ್ಸ್‌ನಂಥವರಲ್ಲಿ ಒಂದೇ ಮಾದರಿ ಎರಡು ಮೂರು ಅಗಲದಲ್ಲಿ ಸಿಗುತ್ತದೆ. ಇಲ್ಲಿನ ಅಂಗಡಿಗಳಲ್ಲಿ 2ಇ ಹುಡುಕುವುದು ಕಷ್ಟ, ಅಮೆರಿಕದಲ್ಲಿ ಸಲೀಸು. ತಮ್ಮ ಅಲ್ಲೇ ಇರುವಾಗ ಅದನ್ನೇ ತರಿಸಿ. ಆದರೆ ಬ್ರಿಟಿಷ್ ಕಂಪನಿಯ ಶೂ ಆದರೆ ಅಕ್ಷರಗಳ ಲೆಕ್ಕ ಬೇರೆ. ಅಲ್ಲಿನ ಇ, ಎಫ್, ಜಿ ನೋಡಿ ಅಮೆರಿಕದ್ದು ಅಂದುಕೊಳ್ಳಬೇಡಿ.

ನಮ್ಮ ಕಾಲು ಅಗಲ ಅನ್ನುವುದು ನನ್ನ ಊಹೆ ಅಲ್ಲ. ಚೆನ್ನೈನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್ ತನಕ ದೇಶದ 79 ಕಡೆ ಒಂದು ಲಕ್ಷಕ್ಕೂ ಜಾಸ್ತಿ ಜನರ ಪಾದಗಳನ್ನು ಸ್ಕ್ಯಾನರ್ ಇಟ್ಟು ಅಳೆದರು. ಭಾರತೀಯರ ಪಾದ ಯುರೋಪ್, ಅಮೆರಿಕದವರದ್ದಕ್ಕಿಂತ ಅಗಲ ಅಂತಲೇ ಬಂತು. ಅದರ ಮೇಲೆ ನಮ್ಮದೇ ಅಳತೆ ಮಾಡಿದ್ದಾರೆ, ಹೆಸರು "ಭ", ಭಾರತದ ಭ. ವಯಸ್ಸು, ಗಂಡು ಹೆಣ್ಣು ನೋಡಿ ಎಂಟು ಗುಂಪು. ಕೇಳಲು ಬಹಳ ಚೆನ್ನಾಗಿದೆ. ನಾನು ಅಂಗಡಿಗೆ ಹೋದಾಗಲೆಲ್ಲ ಕೈಗೆ ಸಿಗುವ ಪೆಟ್ಟಿಗೆ ಮೇಲೆ ಮಾತ್ರ ಅದೇ ಯುಕೆ.

ಅಂದಹಾಗೆ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯಾ? ಇದ್ದರೆ ಆ ಉಗುರನ್ನು ಇವತ್ತೇ ಡಾಕ್ಟರಿಗೆ ತೋರಿಸಿ. ಸಕ್ಕರೆ ಇರುವವರಿಗೆ ಶೂ ಒತ್ತುವುದು ಕೆಲವೊಮ್ಮೆ ಗೊತ್ತೇ ಆಗುವುದಿಲ್ಲ.

ಅಟ್ಲಾಂಟಾ ಅವರೆಕಾಳು:

ಹೆಂಗಸರ ಸೈಜ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅಕ್ಕ, ನೀವು 6 ಅಂತ ಹೇಳಿಬಿಟ್ಟರೆ ಅಪ್ಪನ ಕಥೆಯೇ ನಿಮ್ಮದೂ ಆಗುತ್ತದೆ.

ಅಮೆರಿಕದಲ್ಲಿ ಗಂಡಸರ ನಂಬರೇ ಬೇರೆ, ಹೆಂಗಸರ ನಂಬರೇ ಬೇರೆ. ಒಂದೇ ಉದ್ದದ ಶೂಗೆ ಹೆಂಗಸರ ನಂಬರ್ ಸಾಮಾನ್ಯವಾಗಿ ಒಂದೂವರೆ ಜಾಸ್ತಿ. ಕೆಲವು ಕಂಪನಿಗಳಲ್ಲಿ ಒಂದು, ಕೆಲವರಲ್ಲಿ ಎರಡು. ಕ್ರಾಕ್ಸ್ ಚಪ್ಪಲಿ ತಿರುಗಿಸಿ ನೋಡಿ, ಎಂ 7 ಡಬ್ಲ್ಯೂ 9 ಅಂತ ಎರಡೂ ಒಟ್ಟಿಗೇ ಬರೆದಿರುತ್ತಾರೆ. ಹಾಗಾಗಿ ಇಲ್ಲಿನ ನಮ್ಮ 5 ಅಲ್ಲಿ 6.5 ಆಗಬಹುದು, 7 ಆಗಬಹುದು, 7.5 ಕೂಡ ಆಗಬಹುದು. ಅಡಿಡಾಸ್‌ನಲ್ಲಿ ಯುಕೆ 5ಕ್ಕೆ ಹೆಂಗಸರ 6.5, ನೈಕಿಯಲ್ಲಿ 7.5. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಂಗಡಿಗೆ ಹೋಗಿ ಧೈರ್ಯವಾಗಿ 5 ಕೊಡಿ ಅಂದೆ. ಆ ಹುಡುಗಿ ನನ್ನ ಕಾಲು ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಒಂದು ಅಳತೆಯ ಹಲಗೆ ತಂದು ಕೆಳಗಿಟ್ಟಳು.

ಆ ಹಲಗೆಗೆ ಬ್ರಾನಾಕ್ ಅಂತ ಹೆಸರು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ಚಾರ್ಲ್ಸ್ ಬ್ರಾನಾಕ್ 1920ರ ದಶಕದಲ್ಲಿ ಮಾಡಿದ್ದು, ಸುಮಾರು ನೂರು ವರ್ಷದ ಮೇಲೂ ಅದೇ ರೂಪದಲ್ಲಿ ಇದೆ. ಅದರಲ್ಲಿ ಮೂರು ಅಳತೆ. ಹಿಮ್ಮಡಿಯಿಂದ ಬೆರಳ ತುದಿ, ಪಾದದ ಅಗಲ, ಮತ್ತೆ ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಉಬ್ಬು ಇದೆಯಲ್ಲ, ಅಲ್ಲಿ ತನಕ. ಕಾಲು ಮಡಚುವುದು ಅಲ್ಲೇ ತಾನೇ. ಬೆರಳು ಗಿಡ್ಡ ಇದ್ದು ಪಾದ ಉದ್ದ ಇರುವವರಿಗೆ ಈ ಮೂರನೇ ಅಳತೆಯೇ ಮುಖ್ಯ, ಮೇಲೆ ಕಬ್ಬನ್ ಪಾರ್ಕ್‌ನವರು ಹೇಳಿದ ಮಡಚುವ ಜಾಗದ ತೊಂದರೆ ಅದರಿಂದ ತಪ್ಪುತ್ತದೆ. ನಿಮ್ಮ ತಮ್ಮನಿಗೆ ಅಂಗಡಿಗೆ ಹೋಗಿ ಅಪ್ಪನ ಬದಲು ಅವನ ಕಾಲು ಅಳೆಸಲು ಹೇಳಬೇಡಿ ಮತ್ತೆ, ನಮ್ಮ ಮನೆಯವರು ಒಮ್ಮೆ ಹಾಗೂ ಮಾಡಿದ್ದರು :)

ಮಕ್ಕಳದ್ದು ಇಲ್ಲಿ ಇನ್ನೊಂದು ಪುರಾಣ. ಚಿಕ್ಕ ಮಕ್ಕಳಿಗೆ ನಂಬರಿನ ಮುಂದೆ ಸಿ, ಸ್ವಲ್ಪ ದೊಡ್ಡವರಿಗೆ ವೈ. 13ಸಿ ಆದ ಮೇಲೆ 1ವೈ. ನಿಮ್ಮ ಮಗಳ 13 ಮುಗಿದು 1 ಬಂದ ಹಾಗೇ, ಆದರೆ ಯುಕೆಗೂ ಇದಕ್ಕೂ ಅರ್ಧದಿಂದ ಒಂದು ನಂಬರ್ ವ್ಯತ್ಯಾಸ. ಇದರಲ್ಲಿ ಒಂದು ಲಾಭ ಇದೆ, ಚಿಕ್ಕ ಕಾಲಿನ ಹೆಂಗಸರು ವೈ ಸೈಜ್ ತಗೊಂಡರೆ ಅದೇ ಥರದ ಶೂ ಕಡಿಮೆ ಬೆಲೆಗೆ ಸಿಗುತ್ತದೆ. ಹೆಂಗಸರ 7.5 ಅಂದರೆ ಸುಮಾರಾಗಿ 6ವೈ. ನಮ್ಮ ಅಪಾರ್ಟ್‌ಮೆಂಟಿನ ಕನ್ನಡದವರ ಗುಂಪಿನಲ್ಲಿ ಇದು ದೊಡ್ಡ ಗುಟ್ಟು, ಯಾರಿಗೂ ಹೇಳಬೇಡಿ.

ಬಳ್ಳಾರಿ ಬಿಸ್ಲು:

ಎಲ್ಲರೂ ಅಮೆರಿಕ, ಯುರೋಪ್ ಅಂತೀರ. ನಾನು ಆನ್‌ಲೈನ್‌ನಲ್ಲಿ ತರಿಸಿದ ಶೂ ನಾಲಿಗೆಯ ಒಳಗೆ 260(1.5) ಅಂತ ಇದೆ, ಇದೇನು? ಆರ್ಡರ್ ಮಾಡಿದ್ದು 42, ಬಂದದ್ದು ಚಿಕ್ಕದು. ವಾಪಸ್ ತಗೊಳ್ಳಲ್ಲ ಅಂತಾನೆ ಮಾರಿದವನು.

ಸ್ಟುಟ್‌ಗಾರ್ಟ್ ಸಾರು:

@ಬಳ್ಳಾರಿ ಬಿಸ್ಲು, ಅದು ಚೀನಾ ಅಳತೆ. 260 ಅಂದರೆ 260 ಮಿ.ಮೀ. ಕಾಲು. ಬ್ರಾಕೆಟ್ಟಿನಲ್ಲಿ ಇರುವುದು ಅಗಲ, 1ರಿಂದ ಅರ್ಧರ್ಧ ಏರುತ್ತದೆ, 1.5 ಅಂದರೆ ಸಪೂರದ ಕಡೆಗೇ. ಅಲ್ಲಿನ 42 ಬರುವುದೂ ಬೇರೆ ದಾರಿಯಲ್ಲಿ. ಕಾಲಿನ ಉದ್ದ ಸೆಂ.ಮೀ.ಯಲ್ಲಿ ಹಿಡಿದು, ಎರಡರಿಂದ ಗುಣಿಸಿ, 10 ಕಳೆಯಿರಿ. 26 ಎರಡಲೆ 52, 52ರಲ್ಲಿ 10 ಕಳೆದರೆ 42. ನೋಡಲು ಯುರೋಪಿನ 42, ಹುಟ್ಟಿದ್ದು ಬೇರೆ ಸೂತ್ರದಲ್ಲಿ. ಯುರೋಪಿನ 42 ನಿಮಗೆ ಸರಿಹೋಗುತ್ತಿದ್ದರೆ ಇದು ಬಿಗಿ ಆಗುವುದು ಸಹಜ. ಕೊರಿಯಾದಲ್ಲೂ ಮಿ.ಮೀ., ಜಪಾನಿನಲ್ಲಿ ಸೆಂ.ಮೀ. ಆ ಕಡೆಯವರು ಈ ವಿಷಯದಲ್ಲಿ ಜಾಣರು.

ದುರ್ಗದಬೈಲ್ ಹಳೇ ಹುಡುಗ:

ಸ್ಟುಟ್‌ಗಾರ್ಟ್ ಸರ್, ಒಪ್ಪಿದೆ, ಒಂದು ಕೂಡಿಸುವುದು ಎಲ್ಲ ಕಡೆ ನಡೆಯುವುದಿಲ್ಲ. ನಾನಿದ್ದಾಗ ನಮ್ಮ ಅಂಗಡಿಗೆ ಇಷ್ಟು ಥರ ಬರುತ್ತಿರಲಿಲ್ಲ.

ಸೆಂ.ಮೀ. ನೋಡಿ ಅನ್ನುವವರಿಗೆ ಒಂದು ಎಚ್ಚರಿಕೆ. ಆನ್‌ಲೈನ್ ಪಟ್ಟಿಯಲ್ಲಿ ಕೆಲವರು ಕಾಲಿನ ಉದ್ದ ಬರೆಯುತ್ತಾರೆ, ಕೆಲವರು ಒಳ ಅಟ್ಟೆಯ ಉದ್ದ ಬರೆಯುತ್ತಾರೆ. 27 ಅಂತ ಇದ್ದರೆ ಕಾಲು 27 ಇರಬೇಕೋ, ಒಳಗಿನ ಜಾಗ 27 ಇದೆಯೋ ಸರಿಯಾಗಿ ಓದಿ. ಒಳಗಿನ ಜಾಗ ಆದರೆ ಅದರಲ್ಲಿ ಒಂದು ಸೆಂ.ಮೀ. ಬೆರಳಿಗೆ ಬಿಡಬೇಕು.

ಮನೆಯಲ್ಲಿ ಈಗಾಗಲೇ ಹಿತವಾಗಿರುವ ಶೂ ಇದ್ದರೆ ಅದರ ಒಳ ಅಟ್ಟೆ ಕಿತ್ತು ನೆಲಕ್ಕೆ ಹಾಕಿ ಅದರ ಮೇಲೆ ನಿಲ್ಲಿ. ಬೆರಳ ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು, ಪಕ್ಕದಲ್ಲಿ ಪಾದ ಅಟ್ಟೆಯಿಂದ ಆಚೆ ಚೆಲ್ಲಬಾರದು. ತಮ್ಮ ತಂದ ಶೂನಲ್ಲೂ ಇದೇ ಮಾಡಿ ನೋಡಿ. ತಪ್ಪು ಉದ್ದದ್ದೋ ಅಗಲದ್ದೋ ಎರಡೂನೋ ಒಂದೇ ನಿಮಿಷದಲ್ಲಿ ಕಾಣುತ್ತದೆ.

ಮಕ್ಕಳ ಶೂಗೆ ಮಾತ್ರ ಬೆರಳು ಒತ್ತಿ ನೋಡುವುದನ್ನು ನಂಬಬೇಡಿ. ಮುಟ್ಟಿದ ತಕ್ಷಣ ಮಕ್ಕಳು ಒಳಗೇ ಬೆರಳು ಮಡಚಿಕೊಳ್ಳುತ್ತಾರೆ, ಜಾಗ ಇದೆ ಅಂತ ನಾವು ಮೋಸ ಹೋಗುತ್ತೇವೆ.

ಕುಕ್ಕರಹಳ್ಳಿ ವಾಕರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ನಮ್ಮ ಮನೆ ಹಜಾರ ಚಪ್ಪಲಿ ಅಂಗಡಿ ಆಗಿತ್ತು.

ಅಪ್ಪನಿಗೆ ಸಕ್ಕರೆ ಇಲ್ಲ, ಆದರೂ ಉಗುರು ತೋರಿಸಿದೆವು. ಒಳಗೆ ರಕ್ತ ಕಟ್ಟಿದೆ, ಬೆಳೆದು ತಾನೇ ಹೋಗುತ್ತದೆ ಅಂದರು ಡಾಕ್ಟರ್. ಗೋಡೆಗೆ ನಿಲ್ಲಿಸಿ ಅಳೆದರೆ ಎಡಗಾಲು 26, ಬಲಗಾಲು 26.4! ಅಂದರೆ 26ರ ಶೂನಲ್ಲಿ 26.4ರ ಕಾಲು ತುರುಕಿ ಹದಿನೈದು ದಿನ ಕೆರೆ ಸುತ್ತಿಸಿದ್ದೇವೆ. ನೀಲಿಯಾದ ಉಗುರೂ ಬಲಗಾಲಿನದೇ. ಒಳ ಅಟ್ಟೆ ಕಿತ್ತು ಅದರ ಮೇಲೆ ನಿಲ್ಲಿಸಿದೆವು. ಕಿರುಬೆರಳು ಪೂರ್ತಿ ಆಚೆ, ನೆಲದ ಮೇಲೆ. "ಇದು ಶೂನೋ ತೆಪ್ಪಾನೋ" ಅಂದರು ಅಪ್ಪ.

ಅಮ್ಮ ಅಷ್ಟು ಹೊತ್ತೂ ಅಡುಗೆಮನೆ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಅವರನ್ನೂ ಎಳೆದುಕೊಂಡು ಬಂದು ಅಳೆದೆವು, 22.8. ಇಷ್ಟು ವರ್ಷ 6 ನಂಬರ್ ಚಪ್ಪಲಿ ಹಾಕುತ್ತಿದ್ದಾರೆ. ಯಾಕಮ್ಮ ಅಂದರೆ "ಸಡಿಲ ಇದ್ರೆ ಗಾಳಿ ಆಡುತ್ತೆ, 4 ತಗೊಂಡ್ರೂ 6 ತಗೊಂಡ್ರೂ ದುಡ್ಡು ಒಂದೇ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನದು 23.6.

ತಮ್ಮನಿಗೆ ಈ ಸಲ ನಂಬರೇ ಹೇಳಲಿಲ್ಲ. "ಅಪ್ಪನಿಗೆ ಪೆಟ್ಟಿಗೆ ಮೇಲೆ ಸಿಎಂ 27 ಇರಬೇಕು, ಅಗಲ 2ಇ ಇರಬೇಕು. ನನಗೆ ಸಿಎಂ 24. ಯುಎಸ್ ಎಷ್ಟು ಬೇಕಾದರೂ ಇರಲಿ" ಅಂತ ಬರೆದು ಕಾಲಿನ ಗೆರೆ ಹಾಕಿದ ಕಾಗದದ ಫೋಟೋ ಕಳಿಸಿದೆ, ಪಕ್ಕದಲ್ಲಿ ಮಗಳ ಸ್ಕೇಲ್ ಇಟ್ಟು. ಅರ್ಧ ಗಂಟೆ ಬಿಟ್ಟು ಅವನ ಮೆಸೇಜ್ ಬಂತು, "ಅಕ್ಕ, ನಾನೂ ಅಳೆದುಕೊಂಡೆ, ನನ್ನ ಶೂನೂ ಚಿಕ್ಕದೇ."

ಅಟ್ಲಾಂಟಾ ಅವರೆಕಾಳು:

ಹಹ್ಹಾ! ಆ ಹಳೇ ಜೊತೆ ಏನು ಮಾಡಿದಿರಿ ಅಕ್ಕ?

ಕುಕ್ಕರಹಳ್ಳಿ ವಾಕರ್:

ಪಕ್ಕದ ಮನೆಯ ಪಿಯುಸಿ ಹುಡುಗನಿಗೆ ಕೊಟ್ಟೆ. 25.3. ಗೋಡೆಗೆ ನಿಲ್ಲಿಸಿ ಅಳೆದೇ ಕೊಟ್ಟಿದ್ದು.